ಎಲ್ಕ್ ತೊಡೆ ಮತ್ತು ನೀಲಿ ಹರಳು

ನಮ್ಮ ವಿಭಾಗದ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಪ್ರೊಫೆಸರ್ ಹಿಲ್ದಿಂಗ್ ಓಕರ್‌ಮನ್‌ನ ತೈಲಚಿತ್ರ ತೂಗುತ್ತಿದೆ. ಅದಕ್ಕೆ ಮೊಳೆ ಹೊಡೆದವನು ನಾನೇ. ಚಿತ್ರದಲ್ಲಿ ಅವನು ಗಾಜಿನ ನಳಿಗೆಯೊಂದನ್ನು ಎತ್ತಿ ಹಿಡಿದು, ಪ್ರಪಂಚದ ಗುಟ್ಟೆಲ್ಲ ಅದರೊಳಗೇ ಇದೆ ಎಂಬಂತೆ ನೋಡುತ್ತಾನೆ. ನೋಡಿದವರು ತಲೆದೂಗುತ್ತಾರೆ. ನನಗೆ ಮಾತ್ರ ಆ ಮುಖ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಈ ಮಹಾನುಭಾವ ನಾನು ಹೊಡೆದ ಮೊಟ್ಟಮೊದಲ ಎಲ್ಕ್‌ನ, ಅಂದರೆ ಕುದುರೆಯೆತ್ತರದ ಕಾಡುಜಿಂಕೆಯ, ಹಿಂದಿನ ತೊಡೆಯನ್ನು ಕೋಲ್ಡ್ ರೂಮಿನಿಂದ ಎಳೆದು ತಂದು, ಕಾರಿಡಾರಿನ ಬಿಸಿನೀರಿನ ಕೊಳವೆಗೆ ಒರಗಿಸಿ, ಕೈ ತೊಳೆದುಕೊಂಡು ಮನೆಗೆ ಹೋದವನು. ಅವನು ನಿವೃತ್ತನಾದಾಗ ಸಹೋದ್ಯೋಗಿಗಳೆಲ್ಲ ಸೇರಿ ಇಟ್ಟಿಗೆ ಗಾತ್ರದ ಅಭಿನಂದನ ಗ್ರಂಥ ತಂದರು. ಅದರಲ್ಲಿ ತೊಡೆಯ ಸುದ್ದಿಯೇ ಇಲ್ಲ. ಆದ್ದರಿಂದ ನಾನು ಬರೆಯಬೇಕಾಯಿತು.

ನಾನು ರುನೆ. ಉಪ್ಸಾಲಾ ವಿಶ್ವವಿದ್ಯಾಲಯದ, ನದಿಯಾಚೆಯ ಇಟ್ಟಿಗೆ ಕಟ್ಟಡದಲ್ಲಿ ಅಟೆಂಡರ್. ನಲ್ಲಿ ಸೋರಿದರೂ ನಾನೇ, ಬಲ್ಬು ಹೋದರೂ ನಾನೇ, ಕಸಾಯಿಖಾನೆಯಿಂದ ಹಂದಿ ರಕ್ತದ ಕ್ಯಾನು ತರುವುದಕ್ಕೂ ನಾನೇ. ಶಾಲೆಯಲ್ಲಿ ಹೆಚ್ಚು ದಿನ ಕೂರಲಿಲ್ಲ. ಕೂರಿಸಿದ ಮೇಷ್ಟ್ರಿಗೂ ನನಗೂ ಸರಿಬರಲಿಲ್ಲ. ಕೋಪ ನನಗೆ ಬೇಗ ಬರುತ್ತದೆ, ಹೋಗುವುದು ತಡ. ಕೆಲವು ಕೋಪಗಳು ಹೋಗಿಯೇ ಇಲ್ಲ.

ಹಿಲ್ದಿಂಗ್ ಸ್ಕಾರಾ ಪಟ್ಟಣದ ಮಾಂಸದಂಗಡಿಯವನ ಮಗ. ಅಪ್ಪನಿಗೆ ಮಗ ಕತ್ತಿ ಹಿಡಿಯಲಿ ಎಂಬ ಆಸೆ. ಮಗನಿಗೋ, ಹಂದಿಯ ಕತ್ತಿನಿಂದ ರಕ್ತ ಇಳಿಯುವುದನ್ನು ಕಂಡ ಕೂಡಲೇ ಮಂಡಿ ಮಡಿಚಿ ನೆಲ ಸೇರುವ ಕಾಯಿಲೆ. ಒಮ್ಮೆ ಕ್ರಿಸ್‌ಮಸ್‌ನ ರಶ್ಶಿನಲ್ಲಿ ಗಿರಾಕಿಗಳ ಮುಂದೆಯೇ ಬಿದ್ದನಂತೆ. ಪಾದ್ರಿಯ ಹೆಂಡತಿ ಸತ್ತೇ ಹೋದನೆಂದು ಕಿರುಚಿದಳಂತೆ. ಆಮೇಲೆ ಅಪ್ಪ, "ಈ ನನ್ಮಗ ಅಂಗಡಿಗೆ ಆಗಲ್ಲ, ಓದೋಕೆ ಹಾಕಿ" ಎಂದು ಕೈಬಿಟ್ಟ. ರಕ್ತಕ್ಕೆ ಹೆದರಿ ಊರು ಬಿಟ್ಟವನು ಉಪ್ಸಾಲಾಕ್ಕೆ ಬಂದು, ರಸಾಯನಶಾಸ್ತ್ರ ಓದಿ, ಹಂದಿ ರಕ್ತದಲ್ಲಿರುವ ಒಂದು ಪ್ರೋಟೀನಿಗೆ ಗಂಟುಬಿದ್ದ. ಅದು ತಾಮ್ರ ಹಿಡಿದುಕೊಂಡಿರುವ ಪ್ರೋಟೀನು, ಬಣ್ಣ ನೀಲಿ. ಬಕೆಟ್ಟುಗಟ್ಟಲೆ ರಕ್ತ ಸೋಸಿದರೆ ಕೊನೆಗೆ ಸಿಗುವುದು ಒಂದು ಚಮಚ ನೀಲಿ ನೀರು. ಅಷ್ಟು ರಕ್ತದಲ್ಲಿ ಒಂದು ಪಟಾಲಮ್ಮಿಗೆ ಬ್ಲಡ್ ಪುಡ್ಡಿಂಗ್ ಮಾಡಬಹುದಿತ್ತು.

"ಈಗ ತಲೆ ಸುತ್ತಲ್ವಾ?" ಎಂದು ನಾನು ಕೇಳಿದ್ದೆ.

"ಬಕೆಟ್ಟಲ್ಲಿದ್ರೆ ಅದು ಕಚ್ಚಾವಸ್ತು, ರುನೆ. ಪ್ರಾಣಿ ಮೈಯಲ್ಲಿದ್ರೆ ಮಾತ್ರ ರಕ್ತ" ಎಂದಿದ್ದ. ಓದಿದವರು ಹೀಗೇ. ಹೆಸರು ಬದಲಾಯಿಸಿದರೆ ಭಯ ಹೋಗುತ್ತದೆ.

ನಾನು ಅವನನ್ನು ಮೊದಲು ಸರಿಯಾಗಿ ನೋಡಿದ್ದು ಅವನು ತನ್ನ ಪ್ರಬಂಧಕ್ಕೆ ಮೊಳೆ ಹೊಡೆಯುವ ದಿನ. ನಮ್ಮಲ್ಲಿ ಡಾಕ್ಟರ್ ಆಗಬೇಕಾದವನು ಮೊದಲು ತನ್ನ ಪ್ರಬಂಧದ ಪ್ರತಿಯೊಂದನ್ನು ಎಲ್ಲರಿಗೂ ಕಾಣುವಂತೆ ಹಲಗೆಗೆ ಮೊಳೆ ಹೊಡೆದು ತೂಗಿಸಬೇಕು. ಓದಿ ತಪ್ಪು ಹುಡುಕುವವರು ಹುಡುಕಿಕೊಳ್ಳಲಿ ಅಂತ. ಸುತ್ತಿಗೆ, ಮೊಳೆ ನನ್ನ ಸುಪರ್ದಿ. ಹಿಲ್ದಿಂಗ್ ಮೊಳೆ ಬಗ್ಗಿಸಿದ, ಇನ್ನೊಂದು ಬಗ್ಗಿಸಿದ, ಆಮೇಲೆ ಹೆಬ್ಬೆರಳಿಗೇ ಹೊಡೆದುಕೊಂಡ. ಉಗುರಿನಡಿ ಕೆಂಪು ಕಂಡದ್ದೇ ತಡ, ಮುಖ ಸುಣ್ಣದ ಹಾಗಾಯಿತು. ನಾನು ಬಗಲಿಗೆ ಕೈಕೊಟ್ಟು ಮೆಟ್ಟಿಲ ಮೇಲೆ ಕೂರಿಸಿ, ಮೊಳೆಯನ್ನು ಒಂದೇ ಏಟಿಗೆ ಇಳಿಸಿದೆ.

"ಯಾರಿಗೂ ಹೇಳ್ಬೇಡಿ" ಎಂದ.

ನಾನು ಹೇಳಲಿಲ್ಲ. ಕಾಫಿ ಕೋಣೆಯಲ್ಲಿ ನಟಿಸಿ ತೋರಿಸಿದೆ, ಅಷ್ಟೆ.

ಪ್ರಬಂಧದ ಪರೀಕ್ಷೆಯೂ ತಮಾಷೆಯಾಗಿಯೇ ನಡೆಯಿತು. ಆಗೆಲ್ಲ ಗಂಭೀರವಾಗಿ ಜಗ್ಗಾಡುವ ಇಬ್ಬರು ವಿರೋಧಿಗಳಾದ ಮೇಲೆ ಮೂರನೆಯವನೊಬ್ಬ ಏಳುತ್ತಿದ್ದ. ಸಭೆಯನ್ನು ನಗಿಸುವುದೇ ಅವನ ಕೆಲಸ. ಅವನು ಎದ್ದು ಗಂಟಲು ಸರಿಮಾಡಿಕೊಂಡು, "ಮಾನ್ಯರು ಇಷ್ಟೊಂದು ಹಂದಿಗಳ ರಕ್ತದ ಲೆಕ್ಕ ಕೊಟ್ಟಿದ್ದಾರೆ. ಸಂತೋಷ. ಹ್ಯಾಮು ಯಾರ ಮನೆ ಸೇರ್ತು ಅನ್ನೋದನ್ನ ಮಾತ್ರ ಮುಚ್ಚಿಟ್ಟಿದ್ದಾರೆ" ಎಂದ. ಕೊನೆಯ ಸಾಲಿನಲ್ಲಿ ಬಿಗಿಯಾದ ಕೋಟು ಹಾಕಿ ಕೂತಿದ್ದ ಸ್ಕಾರಾದ ಅಪ್ಪ ಎದ್ದು ನಿಂತು, "ನಮ್ಮಂಗಡಿಗಂತೂ ಒಂದು ತುಂಡೂ ಬರ್ಲಿಲ್ಲ ಸ್ವಾಮಿ!" ಎಂದು ಕೂಗಿದ. ಆ ನಗುವಿನ ಮೇಲೆಯೇ ಹಿಲ್ದಿಂಗ್ ಪಾಸಾದ ಎಂದು ನನ್ನ ನಂಬಿಕೆ.

ಅವನಿಗೆ ಡೊಸೆಂಟ್ ಹುದ್ದೆ, ಅಂದರೆ ಪ್ರೊಫೆಸರ್‌ಗಿಂತ ಒಂದು ಮೆಟ್ಟಿಲು ಕೆಳಗಿನದು, ಸಿಕ್ಕಿತು. ಅದೊಂದು ಬಾಡಿಗೆ ಮನೆಯಂಥ ಕೆಲಸ. ಅವಧಿ ಮುಗಿಯುವುದರೊಳಗೆ ಪ್ರೊಫೆಸರ್ ಆದರೆ ಸರಿ, ಇಲ್ಲದಿದ್ದರೆ ಪೆಟ್ಟಿಗೆ ಕಟ್ಟಬೇಕು. ಆದರೂ ಸ್ವಲ್ಪ ದಿನ ಅವನ ಕತ್ತು ನೆಟ್ಟಗಾಗಿತ್ತು. ಪ್ರಯೋಗಾಲಯದ ಸಹಾಯಕಿ ಗುನ್ವೋರ್, ನಮ್ಮೆಲ್ಲರ ಹೊಟ್ಟೆ ನೋಡಿಕೊಳ್ಳುತ್ತಿದ್ದ ಗಟ್ಟಿಗಿತ್ತಿ, "ಡೊಸೆಂಟರು ಇನ್ನೊಂದು ದಾಲ್ಚಿನ್ನಿ ಬನ್ನು ತಗೋತಾರಾ?" ಎಂದು ಎದುರಿಗಿದ್ದವನನ್ನೇ ಪಕ್ಕದ ಮನೆಯವನ ಹಾಗೆ ವಿಚಾರಿಸಬೇಕಿತ್ತು. ಅಷ್ಟರಲ್ಲಿ ಬಿರುದು ಬಿಟ್ಟು ಎಲ್ಲರನ್ನೂ 'ನೀನು' ಎನ್ನುವ ಹೊಸ ರೂಢಿ ಬಂದು, ಇಡೀ ದೇಶವೇ ಏಕವಚನಕ್ಕೆ ಇಳಿಯಿತು. ಗುನ್ವೋರ್ ಮಾರನೆಯ ದಿನವೇ, "ಹಿಲ್ದಿಂಗ್, ಬನ್ನು ಬೇಕಾದ್ರೆ ಎದ್ದು ಬಂದು ತಗೋ" ಎಂದಳು. ಕತ್ತು ಮೊದಲಿನ ಹಾಗೇ ಆಯಿತು.

ಇನ್ನು ಕೋಲ್ಡ್ ರೂಮಿನ ವಿಷಯ. ಪ್ರೋಟೀನಿಗೆ ಸೆಕೆ ಆಗದು. ಅದಕ್ಕಾಗಿ ನೆಲಮಾಳಿಗೆಯಲ್ಲಿ ಸದಾ ತಣ್ಣಗಿರುವ ಒಂದು ಕೋಣೆ. ಅಂಥ ಕೋಣೆ ಸಿಕ್ಕಿದರೆ ಯಾರು ಬಿಡುತ್ತಾರೆ? ಗುನ್ವೋರ್‌ಳ ಕೆನೆ, ಬೆಣ್ಣೆ ಅಲ್ಲಿ. ವಿಭಾಗದ ಮುಖ್ಯಸ್ಥ, ಮುದಿ ಪ್ರೊಫೆಸರ್ ಬ್ರೂನ್‌ಮಾರ್ಕ್‌ನ ಆಕ್ವವಿಟ್ ಸಾರಾಯಿ ಬಾಟಲಿ "ವಿಷ" ಎಂಬ ಚೀಟಿ ಅಂಟಿಸಿಕೊಂಡು ಅಲ್ಲಿ. ಆಗಸ್ಟ್ ಬಂದರೆ ಸಬ್ಬಸಿಗೆ ಹಾಕಿ ಬೇಯಿಸಿದ ಸೀಗಡಿಯಂಥ ಹೊಳೆಯ ಕ್ರೇಫಿಶ್ ಬಕೆಟ್ಟು ಅಲ್ಲಿ. ಅಕ್ಟೋಬರಿನಲ್ಲಿ ನನ್ನ ಬೇಟೆ ತಂಡದ ಮಾಂಸ. ಎಲ್ಕ್ ಮಾಂಸವನ್ನು ಹೊಡೆದ ದಿನವೇ ತಿನ್ನುವವನು ಮೂರ್ಖ. ತಣ್ಣಗಿರುವ ಕಡೆ ಒಂದು ವಾರಕ್ಕೂ ಮೇಲೆ ತೂಗಬೇಕು, ಆಗ ಮೆತ್ತಗಾಗುತ್ತದೆ. ಚಾವಣಿಯಲ್ಲಿ ಕೊಕ್ಕೆಗಳಿದ್ದವು. ಪ್ರತಿಯಾಗಿ ಎಲ್ಲರಿಗೂ ಒಂದೊಂದು ತುಂಡು ಹೋಗುತ್ತಿತ್ತು. ಬ್ರೂನ್‌ಮಾರ್ಕ್‌ನಂಥ ಬ್ರೂನ್‌ಮಾರ್ಕೇ ಕಣ್ಣು ಮುಚ್ಚಿ ತಟ್ಟೆ ಒಡ್ಡುತ್ತಿದ್ದ.

ಆ ವರ್ಷ ನಾನು ಮೊದಲ ಸಲ ಎಲ್ಕ್ ಹೊಡೆದೆ. ಅಟ್ಟಣೆಯ ಮೇಲೆ ಎಷ್ಟು ಶರತ್ಕಾಲ ಕಾಲು ಮರಗಟ್ಟಿಸಿಕೊಂಡು ಕೂತಿದ್ದೆನೋ! ಮಂಜಿನೊಳಗಿಂದ ಗೋಡೆ ನಡೆದುಬಂದ ಹಾಗೆ ಆ ಗಂಡು ಬಂದಿತು. ಒಂದೇ ಗುಂಡು. ಆಮೇಲೆ ಪಾಲು. ನಮ್ಮ ತಂಡದಲ್ಲಿ ಮಾಂಸವನ್ನು ಗುಡ್ಡೆ ಹಾಕಿ, ಒಬ್ಬ ಬೆನ್ನು ತಿರುಗಿಸಿ ನಿಂತು ಯಾವ ಗುಡ್ಡೆ ಯಾರಿಗೆಂದು ಹೆಸರು ಕೂಗುತ್ತಾನೆ. ಆ ದಿನ ಹಿಂದಿನ ತೊಡೆಯ ಗುಡ್ಡೆಗೆ ನನ್ನ ಹೆಸರೇ ಬಂತು. ನಮ್ಮಮ್ಮನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಅದೇ ಎಂದು ಊರಿಗೆಲ್ಲ ಸಾರಿದೆ. ಜಾಗವಿಲ್ಲದ್ದಕ್ಕೆ ಬಾಗಿಲ ಪಕ್ಕದ ಕೊಕ್ಕೆಗೇ ಅದನ್ನು ಸಿಕ್ಕಿಸಿ, ಉಳಿದ ಬೇಟೆಗೆ ಕಾಡಿಗೆ ಹೋದೆ.

ಸೋಮವಾರ ಬಂದು ನೋಡಿದರೆ ಕೊಕ್ಕೆ ಖಾಲಿ. ಕಾರಿಡಾರಿನಲ್ಲಿ ನೊಣದ ಸದ್ದು.

ಹಿಲ್ದಿಂಗ್‌ನ ಕೋಣೆಯ ಬಾಗಿಲನ್ನು ಒದ್ದೆನೋ ತಟ್ಟಿದೆನೋ ನೆನಪಿಲ್ಲ.

"ನನ್ನ ತೊಡೆ ಯಾಕೆ ಮುಟ್ದೆ?"

"ಏನು?"

"ನನ್ನ ಮೈಯಲ್ಲಿರೋದಲ್ಲ ಡಾಕ್ಟರ್ ಸಾಹೇಬ್ರೇ, ಎಲ್ಕ್‌ದು!"

"ಓ, ಅದಾ? ಬ್ರೂನ್‌ಮಾರ್ಕ್ ಶುಕ್ರವಾರ ಪರದೇಶದ ಅತಿಥೀನ ಕರ್ಕೊಂಡು ಬಂದಿದ್ರು. ಬಾಗಿಲು ತೆಗೆದ್ರೆ ಮುಖಕ್ಕೆ ಹೊಡೀತಿತ್ತು ಮಾರಾಯ. ಇದು ಸಂಶೋಧನಾಲಯ, ಕಸಾಯಿಖಾನೆ ಅಲ್ಲ."

"ಹಾಗಾದ್ರೆ ಆ ಕ್ಯಾನಲ್ಲಿರೋ ಹಂದಿ ರಕ್ತ ಏನು? ಲಿಂಗನ್‌ಬೆರಿ ಶರಬತ್ತಾ?"

"ವಾಪಸ್ ತೂಗಿಸೋಣ ಅಂತಿದ್ದೆ. ಮರ್ತುಹೋಯ್ತು."

"ಹಂದಿ ನೋಡಿ ಬೀಳೋನು ಇದನ್ನ ಹೆಂಗೆ ಎತ್ತಿದೆ?"

"ಗುನ್ವೋರ್ ರೈನ್‌ಕೋಟು ಸುತ್ತಿ, ಕಣ್ಣು ಮುಚ್ಕೊಂಡು" ಎಂದ, ಬಹುಮಾನ ಸಿಗಬೇಕೆಂಬ ಮುಖದಲ್ಲಿ.

ಗುನ್ವೋರ್ ಹಿಂದಿನಿಂದ, "ನನ್ ರೈನ್‌ಕೋಟಾ?" ಎಂದು ಚೀರಿದಳು. ಆ ದಿನ ಅವನಿಗೆ ಇಬ್ಬರು ಶತ್ರುಗಳು ಹುಟ್ಟಿದರು. ಅಮ್ಮನ ಹುಟ್ಟುಹಬ್ಬಕ್ಕೆ ಅಂಗಡಿಯ ಮಾಂಸದುಂಡೆ ಬಡಿಸಿದೆವು. ಅಮ್ಮ ಒಂದು ಉಂಡೆ ಫೋರ್ಕಿನಲ್ಲಿ ಎತ್ತಿ, "ನಿನ್ ಎಲ್ಕು ತುಂಬ ಸಣ್ಣದಿತ್ತು ಕಣೋ" ಎಂದಳು.

ಆ ವಾರವೇ ಇನ್ನೊಂದು ನಡೆದಿತ್ತು. ಹಿಲ್ದಿಂಗ್ ತನ್ನ ನೀಲಿ ನೀರನ್ನು ಪುಟ್ಟ ನಳಿಗೆಗಳಲ್ಲಿ ಕೋಲ್ಡ್ ರೂಮಿನಲ್ಲಿಟ್ಟು ಹರಳುಗಟ್ಟಲೆಂದು ವರ್ಷಗಳಿಂದ ಕಾಯುತ್ತಿದ್ದ. ಹರಳಾದರೆ ಎಕ್ಸ್-ರೇ ಹಾಯಿಸಿ ಪ್ರೋಟೀನಿನ ಆಕಾರ ಕಾಣಬಹುದು. ಇಲ್ಲವಾದರೆ ಅದು ಬರೀ ನೀಲಿ ಸಾರು. ಆ ಶುಕ್ರವಾರ, ತೊಡೆ ಹೊರಗೆ ಹಾಕಿ ಒಳಗೆ ಬಂದರೆ, ನಳಿಗೆಯಲ್ಲಿ ಸೂಜಿಮೊನೆಯಂಥ ನೀಲಿ ಹರಳುಗಳು! ಅತಿಥಿಗೆ ತೋರಿಸುವ ಆತುರದಲ್ಲಿ ಸ್ಟ್ಯಾಂಡು ಎತ್ತಿಕೊಂಡು ಓಡಿದ. ಮೆಟ್ಟಿಲು ಹತ್ತುವಷ್ಟರಲ್ಲಿ ಅಲುಗಾಡಿ ಎಲ್ಲ ಪುಡಿಯಾಗಿತ್ತು. ಪರವಾಗಿಲ್ಲ, ಮತ್ತೆ ಬರುತ್ತದೆ ಅಂದುಕೊಂಡ.

ಬರಲಿಲ್ಲ. ಉಪ್ಪು ಬದಲಿಸಿದ, ಹುಳಿ ಬದಲಿಸಿದ, ನಳಿಗೆ ಬದಲಿಸಿದ. ಎದುರಿಗೆ ನಾನು ಸಿಕ್ಕರೆ ಗೋಡೆ ಕಡೆ ಮುಖ ಮಾಡುತ್ತಿದ್ದ. ನಾನು ಮಾಂಸವನ್ನು ಭಾವಮೈದುನನ ಕೊಟ್ಟಿಗೆಯಲ್ಲಿ ತೂಗುತ್ತಿದ್ದೆ. ವಿಭಾಗಕ್ಕೆ ಒಂದು ಎಳೆಯೂ ಕೊಡಲಿಲ್ಲ. ಬ್ರೂನ್‌ಮಾರ್ಕ್ ಸೊರಗಿದ.

ಹೀಗೇ ಕೆಲವು ವರ್ಷ ಕಳೆದು ಬ್ರೂನ್‌ಮಾರ್ಕ್ ನಿವೃತ್ತನಾಗುವ ಕಾಲ ಬಂತು. ಪ್ರೊಫೆಸರ್ ಕುರ್ಚಿ ಖಾಲಿ ಎಂದು ಪ್ರಕಟಣೆ ಬಿತ್ತು. ಅರ್ಜಿ ಹಾಕಿದವರನ್ನು ಹೊರಗಿನ ಮೂವರು ತಜ್ಞರು ತೂಗಿ ನೋಡುತ್ತಾರೆ. ಇನ್ನೊಬ್ಬ ಅರ್ಜಿದಾರ ಲುಂಡ್ ವಿಶ್ವವಿದ್ಯಾಲಯದ ಸ್ಟೆಲ್ಲಾನ್. ಅವನ ಲೇಖನಗಳನ್ನು ಒಂದರ ಮೇಲೊಂದಿಟ್ಟರೆ ಸ್ಟೂಲಿನ ಎತ್ತರ. ಹಿಲ್ದಿಂಗ್ ಹತ್ತಿರ ಇದ್ದದ್ದು ಒಂದೇ ಪ್ರೋಟೀನು, ಅದೂ ಹರಳಾಗದ್ದು. ಅವನ ಡೊಸೆಂಟ್ ಅವಧಿಯೂ ಅದೇ ಚಳಿಗಾಲಕ್ಕೆ ಮುಗಿಯುತ್ತಿತ್ತು. ಕುರ್ಚಿ ತಪ್ಪಿದರೆ ಉತ್ತರದ ಹಾಪರಾಂಡಾದ ಪ್ರೌಢಶಾಲೆಯಲ್ಲಿ ಗಂಧಕ ಸುಟ್ಟು ತೋರಿಸುವ ಕೆಲಸ ಕಾಯುತ್ತಿತ್ತು.

ಅಕ್ಟೋಬರಿನ ಒಂದು ಬೆಳಗ್ಗೆ ನನ್ನ ವರ್ಕ್‌ಶಾಪಿಗೆ ಬಂದು ನಿಂತ. ಟೋಪಿ ಕೈಯಲ್ಲಿತ್ತು. ಹಿಂದೆ ಗುನ್ವೋರ್ ಇದ್ದಳು, ತಮಾಷೆ ನೋಡಲು.

"ರುನೆ, ಈ ವರ್ಷ ಎಲ್ಕ್ ಹೊಡೆದ್ಯಂತೆ."

"ಹೊಡ್ದೆ. ಯಾಕೆ, ಅದನ್ನೂ ಬಿಸಿನೀರಿಗೆ ಒರಗಿಸ್ಬೇಕಿತ್ತಾ?"

"ಅದರ ತೊಡೆ... ಕೋಲ್ಡ್ ರೂಮಲ್ಲಿ ತೂಗಿಸ್ತೀಯಾ?"

ನಾನು ಸ್ಪ್ಯಾನರ್ ಕೆಳಗಿಟ್ಟೆ. ಕೈಯಲ್ಲಿದ್ದರೆ ಒಳ್ಳೆಯದಲ್ಲ ಅನ್ನಿಸಿತು.

"ಎಲ್ಲಾ ಬದಲಾಯಿಸಿ ನೋಡ್ದೆ" ಎಂದ. "ಹರಳು ಬಂದಿದ್ದು ಒಂದೇ ಸಲ. ಆಗ ಇದ್ದು ಆಮೇಲೆ ಇಲ್ಲದಿದ್ದಿದ್ದು ನಿನ್ನ ತೊಡೆ ಒಂದೇ."

"ಅವನು ಎಲ್ಕ್ ಕೂದ್ಲು ನಳಿಗೇಲಿ ಹಾಕಿದ್ದ" ಎಂದಳು ಗುನ್ವೋರ್. "ಕೊಬ್ಬು ಸವರಿದ. ಮೂಳೆ ಪುಡಿ ಉದುರಿಸಿದ. ಎಲ್ಲಾ ನೀಲಿ ಗಂಜಿ ಆಯ್ತು. ಈಗ ಇಡೀ ಕಾಲೇ ಬೇಕಂತೆ."

"ಇಲ್ಲಿ ಕೇಳು ಹಿಲ್ದಿಂಗ್" ಎಂದೆ. "ನಿನ್ನ ಆ ಹಾಪರಾಂಡಾದಲ್ಲಿ ಒಳ್ಳೆ ಚಳಿ. ಹೋಗು, ಹರಳಾಗು."

ಅವನು ಹೋಗಲಿಲ್ಲ. "ಆ ತೊಡೆ ತೀರಿಸ್ತೀನಿ" ಎಂದ. "ಅಂಗಡೀದಲ್ಲ. ನಿನ್ನ ತಂಡ ಸೇರಿ, ನಾನೇ ಅಟ್ಟಣೆ ಹತ್ತಿ, ನನ್ನ ಕೈಯಾರೆ ಹೊಡೆದು ಕೊಡ್ತೀನಿ. ಗುನ್ವೋರ್ ಸಾಕ್ಷಿ."

"ನನ್ ರೈನ್‌ಕೋಟೂ ಸೇರ್ಸು" ಎಂದಳು ಗುನ್ವೋರ್.

ಹೆಬ್ಬೆರಳಿನ ರಕ್ತ ಕಂಡು ಬಿಳಿಚಿಕೊಂಡ ಮನುಷ್ಯ ಇದನ್ನು ಹೇಳುತ್ತಿದ್ದ. ನನಗೆ ಕರುಣೆ ಬಂತೆಂದು ತಿಳಿಯಬೇಡಿ. ಅವನು ಅಟ್ಟಣೆ ಹತ್ತುವುದನ್ನು ನೋಡಲೇಬೇಕು ಅನ್ನಿಸಿತು. ಅದೇ ಸಂಜೆ ತೊಡೆ ತಂದು, ಅದೇ ಬಾಗಿಲ ಪಕ್ಕದ ಕೊಕ್ಕೆಗೆ ಸಿಕ್ಕಿಸಿದೆ.

ವಾರ ಕಳೆಯಿತು, ಮಾಂಸ ಹದಕ್ಕೆ ಬಂತು. ಇಳಿಸಲು ಹೋದರೆ ಹಿಲ್ದಿಂಗ್ ಬಾಗಿಲಿಗೆ ಅಡ್ಡ ನಿಂತಿದ್ದ.

"ಮುಟ್ಬೇಡ! ಬರ್ತಾ ಇದೆ. ಸಾಸಿವೆಯಷ್ಟಾಗಿದೆ. ಮೆಣಸಿನ ಕಾಳಷ್ಟಾಗ್ಬೇಕು."

"ಅಷ್ಟರೊಳಗೆ ನನ್ನ ತೊಡೆ ಕೊಳೆಯುತ್ತೆ ಕಣೋ!"

"ಇದನ್ನೂ ಸಾಲಕ್ಕೆ ಸೇರಿಸ್ಕೋ. ಎರಡು ತೊಡೆ."

ನಾನು ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಅವನ ಭುಜದ ಮೇಲಿಂದ ಇಣುಕಿ ನೋಡಿದೆ. ನಳಿಗೆಯ ತಳದಲ್ಲಿ ಆ ನೀಲಿ ಕಾಳುಗಳು ಕೂತಿದ್ದವು. ಚೂಪಾದ ಅಂಚು, ಮೀನಿನ ಕಣ್ಣಿನ ಹೊಳಪು. ಹಂದಿ ರಕ್ತದಿಂದ ಅಂಥದ್ದು ಬರುತ್ತದೆಂದು ಅಷ್ಟು ವರ್ಷ ಕ್ಯಾನು ಹೊತ್ತ ನನಗೂ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಮೇಲೆ ಬಂದೆ.

ತೊಡೆ ಕಪ್ಪಾಯಿತು, ಅಂಚು ಹಸಿರಾಯಿತು. ನೆಲಮಾಳಿಗೆಯ ಮೆಟ್ಟಿಲವರೆಗೂ ವಾಸನೆ. ವಿದ್ಯಾರ್ಥಿಗಳು ಆ ಕಡೆ ತಲೆಹಾಕುವುದು ನಿಂತಿತು. ಗುನ್ವೋರ್ ಕೆನೆಯನ್ನು ಕಿಟಕಿಯ ಹೊರಗಿಟ್ಟಳು. ಬ್ರೂನ್‌ಮಾರ್ಕ್ ತನ್ನ "ವಿಷ"ವನ್ನು ಕೋಣೆಗೇ ಒಯ್ದ. ಅರ್ಜಿಯ ಗಡುವಿಗೆ ಮೊದಲು ಹಿಲ್ದಿಂಗ್ ಒಂದು ಹರಳನ್ನು ಎದೆಗವಚಿಕೊಂಡು, ತುಂಬಿದ ಬಸುರಿಯ ಹಾಗೆ ಹೆಜ್ಜೆ ಇಡುತ್ತ ಎಕ್ಸ್-ರೇ ಕೋಣೆಗೆ ನಡೆದ. ಫಿಲಮ್ಮಿನ ಮೇಲೆ ಚುಕ್ಕಿಗಳು ಸಾಲುಸಾಲಾಗಿ ಬಂದವು. ರಂಗೋಲಿ ಹಾಕಲು ಚುಕ್ಕಿ ಇಟ್ಟ ಹಾಗಿತ್ತು.

ಆಮೇಲೆ ನೆಲಮಾಳಿಗೆಗೆ ಬಂದು ಆ ಕೊಳೆತ ತೊಡೆಯ ಮುಂದೆ ನಿಂತು ಒಬ್ಬನೇ ನಗಲು ಶುರುಮಾಡಿದ. ತಲೆ ಕೆಟ್ಟಿತೆಂದು ನಾನು ಓಡಿದೆ.

"ಎಲ್ಕ್‌ದೇನೂ ಇಲ್ಲ ರುನೆ!" ಎಂದ ಕಣ್ಣೊರೆಸಿಕೊಂಡು. "ಇದು ಬಾಗಿಲಲ್ಲಿ ತೂಗ್ತಿದ್ರೆ ಯಾರೂ ಒಳಗೆ ಬರಲ್ಲ. ಕೆನೆಗೆ ಬರಲ್ಲ, ಬೆಣ್ಣೆಗೆ ಬರಲ್ಲ. ಬಾಗಿಲು ದಡಾರ್ ಅನ್ನಲ್ಲ, ಸ್ಟ್ಯಾಂಡು ಅಲುಗಲ್ಲ. ಹರಳಿಗೆ ಬೇಕಾಗಿದ್ದು ನೆಮ್ಮದಿ, ಅಷ್ಟೇ!"

"ಅಂದ್ರೆ ಒಂದು ಬೀಗ ಸಾಕಿತ್ತು."

"ಒಂದು ಬೀಗ ಸಾಕಿತ್ತು."

ನಾನು ಗೋಡೆಗೆ ಒರಗಿದೆ. ಎರಡು ಎಲ್ಕ್ ತೊಡೆ! ಬೀಗ ನನ್ನ ವರ್ಕ್‌ಶಾಪಿನ ಡ್ರಾಯರಿನಲ್ಲೇ ಇತ್ತು. ಅವನು ಕೇಳಿದ್ದು ತೊಡೆಯನ್ನ.

ತಜ್ಞರು ಮೂವರಲ್ಲಿ ಇಬ್ಬರು ಹಿಲ್ದಿಂಗ್ ಕಡೆ ಬಿದ್ದರು. ಸ್ಟೆಲ್ಲಾನ್ ಪದ್ಧತಿಯಂತೆ ಸರ್ಕಾರಕ್ಕೆ ದೂರು ಹಾಕಿದ, ಸರ್ಕಾರ ಪದ್ಧತಿಯಂತೆ ತಳ್ಳಿಹಾಕಿತು. ಹಿಲ್ದಿಂಗ್ ಬಾಲದ ಕೋಟು ತೊಟ್ಟು ಪ್ರೊಫೆಸರ್ ಆದ. ಹರಳಿನ ಲೇಖನ ಪ್ರಕಟವಾದಾಗ ಕೊನೆಯಲ್ಲಿ ಹೆಂಡತಿಗೆ, ಹಣ ಕೊಟ್ಟ ಸಂಶೋಧನಾ ನಿಧಿಗೆ, ಕಸಾಯಿಖಾನೆಗೆ ಕೃತಜ್ಞತೆ ಹೇಳಿದ್ದ.

"ಎಲ್ಕ್ ಎಲ್ಲಿ?" ಎಂದೆ.

"ಸಂಪಾದಕರು ತೆಗೆದುಹಾಕಿದ್ರು."

ಮಾತಿಗೆ ತಪ್ಪಿದ ಎನ್ನಲಾರೆ. ತಂಡ ಸೇರಿದ. ಶೂಟಿಂಗ್ ಪರೀಕ್ಷೆಯಲ್ಲಿ ಹಳಿಯ ಮೇಲೆ ಓಡುವ ಹಲಗೆಯ ಎಲ್ಕ್‌ಗೆ ಅವನು ಹೊಡೆದ ಗುಂಡುಗಳೆಲ್ಲ ಒಂದು ಕಾಫಿ ಬಟ್ಟಲಿನಗಲಕ್ಕೆ ಬಿದ್ದವು. ನಳಿಗೆ ಹಿಡಿದು ಪಳಗಿದ ಕೈ. ನಮ್ಮ ಮುದುಕರು ಟೋಪಿ ತೆಗೆದರು. ನಾನು ಅವನನ್ನು ಒಳ್ಳೆಯ ಅಟ್ಟಣೆಯಲ್ಲೇ ಕೂರಿಸಿ, ಪಕ್ಕದಲ್ಲಿ ಕೂತೆ. ನಾಯಿ ಬೊಗಳಿತು. ಗಂಡು ಎಲ್ಕ್ ಒಂದು, ಎದುರಿನ ಬಯಲಿಗೆ ಬಂದು, ಪೂರ್ತಿ ಪಕ್ಕೆ ತೋರಿಸಿ ನಿಂತಿತು. ಅಂಥ ಸಮಯ ನನಗೇ ಜೀವನದಲ್ಲಿ ಎರಡು ಸಲ ಸಿಕ್ಕಿಲ್ಲ.

"ಹೊಡಿ" ಎಂದೆ ಪಿಸುಮಾತಿನಲ್ಲಿ.

ತಿರುಗಿ ನೋಡಿದರೆ ಬಂದೂಕು ತೊಡೆ ಮೇಲಿದೆ, ಪ್ರೊಫೆಸರ್ ಸುಣ್ಣದ ಮುಖ ಮಾಡಿಕೊಂಡು ಒಂದು ಕಡೆಗೆ ವಾಲುತ್ತಿದ್ದಾನೆ. ಅವನು ಅಟ್ಟಣೆಯಿಂದ ಉರುಳದ ಹಾಗೆ ಕಾಲರ್ ಹಿಡಿದೆ. ಇನ್ನೊಂದು ಕೈಯಲ್ಲಿ ಅವನ ಬಂದೂಕು ಜಾರದಂತೆ ಹಿಡಿದೆ. ಹೊಡೆಯಲು ಮೂರನೆಯ ಕೈ ಇರಲಿಲ್ಲ. ಎಲ್ಕ್ ನಮ್ಮಿಬ್ಬರನ್ನೂ ಸಾವಕಾಶವಾಗಿ ನೋಡಿ, ಸ್ಪ್ರೂಸ್ ಮರಗಳ ನಡುವೆ ಹೋಯಿತು.

"ಅದಕ್ಕೆ ಇನ್ನೂ ಗಾಯಾನೇ ಆಗಿರ್ಲಿಲ್ವಲ್ಲೋ!" ಎಂದು ಕಿರುಚಿದೆ, ಅವನಿಗೆ ಎಚ್ಚರ ಬಂದ ಮೇಲೆ.

"ಆಗತ್ತಲ್ಲ ಅಂತ ಯೋಚ್ನೆ ಬಂತು" ಎಂದ.

ಪ್ರತಿ ಅಕ್ಟೋಬರಿನಲ್ಲೂ ಬಂದ. ಪ್ರತಿ ವರ್ಷವೂ ಹೀಗೇ ಏನೋ ಒಂದು. ನಿವೃತ್ತನಾಗುವ ಹೊತ್ತಿಗೆ ತಂಡದಲ್ಲಿ ಸಾರು ಕಾಯಿಸುವ ಕೆಲಸ ಅವನದಾಗಿತ್ತು. ಸಾರು ಚೆನ್ನಾಗಿರುತ್ತಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಒಮ್ಮೆ ಗಾಜಿನ ಸೀಸೆಯಲ್ಲಿ ನೀಲಿ ಹರಳು ತಂದು, "ಇದು ಎರಡು ತೊಡೆಗಿಂತ ಬೆಲೆಬಾಳತ್ತೆ, ತಗೋ" ಎಂದ.

"ಬೆಣ್ಣೇಲಿ ಹುರೀಬಹುದಾ?"

"ಇಲ್ಲ."

"ಹಾಗಾದ್ರೆ ನಿನ್ನ ಹತ್ರಾನೇ ಇರ್ಲಿ."

ಬೀಳ್ಕೊಡುಗೆಯ ದಿನ ಭಾಷಣದಲ್ಲಿ ಎಲ್ಲರ ಹೆಸರು ಹೇಳಿದ. ನನ್ನ ಕಡೆ ತಿರುಗಿ, "ಇನ್ನು ರುನೆ. ರುನೆಗೆ ನಾನು..." ಎಂದು ಶುರುಮಾಡಿದ. ಅಷ್ಟರಲ್ಲಿ ಗುನ್ವೋರ್ ಬಾದಾಮಿ ಪಾಕ ಹೊದಿಸಿದ ಹಸಿರು ಮಾರ್ಜಿಪಾನ್ ಕೇಕು ತಳ್ಳಿಕೊಂಡು ಬಂದಳು, ಜನ ಚಪ್ಪಾಳೆ ಹೊಡೆದರು, ಮಾತು ಅಲ್ಲೇ ನಿಂತಿತು. ಕೇಕು ತಿನ್ನುತ್ತ ನನ್ನ ಪಕ್ಕಕ್ಕೆ ಬಂದು, "ಈ ಸಲ ಖಂಡಿತ. ಕಣ್ಣು ಮುಚ್ಕೊಂಡಾದ್ರೂ ಹೊಡೀತೀನಿ" ಎಂದ.

"ಕಣ್ಣು ಮುಚ್ಕೊಂಡು ಹೊಡೆದ್ರೆ ನನಗೇ ಬೀಳತ್ತೆ. ತೆಗೆದೇ ಹೊಡಿ. ಎರಡೂ ಹಿಂದಿನ ತೊಡೆ ಆಗ್ಬೇಕು, ಗೊತ್ತಾಯ್ತಾ? ಮುಂದಿನದು ನಡೆಯಲ್ಲ."

"ಹಿಂದಿನದೇ" ಎಂದ.

ಸೆಪ್ಟೆಂಬರಿನಲ್ಲಿ ತೀರಿಕೊಂಡ. ಬೇಟೆ ಶುರುವಾಗಲು ಇನ್ನೂ ವಾರಗಳಿದ್ದವು. ಅವನ ಬಂದೂಕು ಎಣ್ಣೆ ಹಾಕಿ ಒರೆಸಿ ಇಟ್ಟದ್ದು ಹಾಗೇ ಇತ್ತು ಎಂದು ಅವನ ಹೆಂಡತಿ ಹೇಳಿದಳು. ಕೋಲ್ಡ್ ರೂಮಿಗೆ ಈಗ ಬೀಗ ಬಿದ್ದಿದೆ. ಬಾಗಿಲ ಪಕ್ಕದ ಕೊಕ್ಕೆ ತೆಗೆಯಲು ಹೊಸ ಪ್ರೊಫೆಸರ್ ನನಗೆ ಹೇಳಿದ್ದಾಳೆ. ತೆಗೆಯುವುದಿಲ್ಲ ಎಂದಿದ್ದೇನೆ. ನನಗೆ ಬರಬೇಕಾದ ಎರಡು ತೊಡೆ ಇನ್ನೂ ಬಂದಿಲ್ಲ.